ಹಲ್ಲು ಬೆಳ್ಳಗಾಯಿತು, ಸಿಮೆಂಟ್ ಹಾಗೇ ಉಳಿಯಿತು

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಎಂಟನೇ ಕ್ಲಾಸಿನಲ್ಲಿ ಸೈಕಲ್‌ನಿಂದ ಬಿದ್ದು ಮೇಲಿನ ಮುಂದಿನ ಹಲ್ಲಿನ ಮೂಲೆ ಮುರಿದಿತ್ತು. ಆರು ವರ್ಷದ ಹಿಂದೆ ಅದಕ್ಕೆ ಹಲ್ಲಿನ ಬಣ್ಣದ ಸಿಮೆಂಟ್ ಹಾಕಿಸಿದೆ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇನ್ನು ಐದು ವಾರಕ್ಕೆ ನನ್ನ ನಿಶ್ಚಿತಾರ್ಥ. ಆನ್‌ಲೈನಿನಲ್ಲಿ ಹಲ್ಲು ಬಿಳುಪು ಮಾಡುವ ಜೆಲ್ ತರಿಸಿ ಹನ್ನೆರಡು ರಾತ್ರಿ ಹಾಕಿಕೊಂಡೆ. ಹಲ್ಲೆಲ್ಲ ಬೆಳ್ಳಗಾಯಿತು, ಆ ಮೂಲೆ ಮಾತ್ರ ಹಳದಿ. ತಣ್ಣೀರು ಕುಡಿದರೆ ಜುಮ್ ಎನ್ನುತ್ತದೆ. ಸಿಮೆಂಟ್ ಹಾಳಾಯಿತೇ? ಇನ್ನೊಂದು ವಾರ ಹಾಕಿದರೆ ಅದೂ ಬೆಳ್ಳಗಾಗುತ್ತದೆಯೇ?
— ಓದುಗರು, ಹನುಮಂತನಗರ, ಬೆಂಗಳೂರು

ಉತ್ತರ: ಇವತ್ತು ರಾತ್ರಿ ಜೆಲ್ ಹಾಕಬೇಡಿ. ಉಳಿದದ್ದನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ಸಿಮೆಂಟ್ ಹೊಸದಾಗಿ ಹಳದಿಯಾಗಿಲ್ಲ. ಆರು ವರ್ಷದ ಕಾಫಿ, ಟೀ ಕಲೆ ಸ್ವಲ್ಪ ಹತ್ತಿರಬಹುದು, ಅಷ್ಟೇ. ಗೋಡೆಗೆ ಹೊಸ ಸುಣ್ಣ ಬಳಿದ ಮೇಲೆ ಹಳೇ ಸ್ವಿಚ್ ಬೋರ್ಡು ಎದ್ದು ಕಾಣುತ್ತದಲ್ಲ, ಹಾಗೆ ಕಾಣುತ್ತಿದೆ. ಮನೆಯಲ್ಲಿ ಹಾಕುವ ಜೆಲ್‌ಗಳಲ್ಲಿ ಹೆಚ್ಚಾಗಿ ಇರುವುದು ಕಾರ್ಬಮೈಡ್ ಪೆರಾಕ್ಸೈಡ್. 10% ಜೆಲ್ ಆದರೆ ಅದರಿಂದ ಸುಮಾರು 3.5% ಹೈಡ್ರೋಜನ್ ಪೆರಾಕ್ಸೈಡ್ ಹೊರಡುತ್ತದೆ. ಅದು ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ದಾಟಿ ಒಳಪದರವಾದ ಡೆಂಟಿನ್‌ಗೆ ಇಳಿದು, ಅಲ್ಲಿ ಕೂತ ಬಣ್ಣದ ಅಣುಗಳನ್ನು ಒಡೆಯುತ್ತದೆ. ನಿಮಗೆ ಹಾಕಿರುವ ಸಿಮೆಂಟಿಗೆ ನಾವು ಕಾಂಪೋಸಿಟ್ ಎನ್ನುತ್ತೇವೆ, ಅದು ರಾಳ ಮತ್ತು ಗಾಜಿನಂಥ ಸಣ್ಣ ಪುಡಿ ಸೇರಿದ ವಸ್ತು. ಅದರ ಬಣ್ಣ ತಯಾರಾಗುವಾಗಲೇ ಬೆರೆತದ್ದು. ಪೆರಾಕ್ಸೈಡ್ ಮೇಲಿನ ಕಲೆಯನ್ನು ಒಂದಿಷ್ಟು ತೆಗೆಯಬಹುದು, ಒಳಗಿನ ಬಣ್ಣವನ್ನು ಬದಲಿಸಲಾರದು. ಇನ್ನೊಂದು ವಾರ ಹಾಕಿದರೆ ಹಲ್ಲು ಇನ್ನಷ್ಟು ಬೆಳ್ಳಗಾಗಿ ವ್ಯತ್ಯಾಸ ಹೆಚ್ಚುತ್ತದೆ. ಕ್ಯಾಪ್ ಹಾಕಿಸಿಕೊಂಡವರಿಗೂ ಇದೇ ಮಾತು. ಜೆಲ್‌ನಿಂದ ಸಿಮೆಂಟ್, ಕ್ಯಾಪ್ ಬೆಳ್ಳಗಾಗದು ಎಂಬ ಒಂದು ಸಾಲನ್ನು ಪ್ರತಿ ಕಿಟ್‌ನ ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಬೇಕು ಎಂದು ನನಗೆ ಬಹಳ ಸಲ ಅನ್ನಿಸಿದೆ.

ಜುಮ್ ಎನ್ನುವುದು ಹೀಗೆ ಹಲ್ಲು ಬಿಳುಪು ಮಾಡುವಾಗ, ಅಂದರೆ ಬ್ಲೀಚಿಂಗ್‌ನಲ್ಲಿ, ಸಾಮಾನ್ಯ. ನಿಲ್ಲಿಸಿದ ಕೆಲವು ದಿನಕ್ಕೆ ಇಳಿಯುತ್ತದೆ. ಪೊಟ್ಯಾಸಿಯಮ್ ನೈಟ್ರೇಟ್ ಇರುವ ಪೇಸ್ಟ್ ಬಳಸಿ. ಆದರೆ ಸಿಮೆಂಟ್ ಇರುವ ಆ ಒಂದೇ ಹಲ್ಲು ಹೆಚ್ಚು ಜುಮ್ ಎಂದರೆ ಅಂಚು ಬಿಟ್ಟಿದೆಯೇ ನೋಡಿಸಬೇಕು. ಹಳೇ ಸಿಮೆಂಟಿನ ಅಂಚಿನ ಮೇಲೆ ಚೂಪು ಸಲಾಕೆಯನ್ನು ಮೆಲ್ಲಗೆ ಎಳೆದಾಗ, ಕೂದಲೆಳೆಯಷ್ಟು ಸಂದಿದ್ದರೂ ತುದಿ ಟಕ್ ಎಂದು ಸಿಕ್ಕಿಕೊಳ್ಳುತ್ತದೆ. ಜೆಲ್ ಒಳಗಿಳಿಯುವ ದಾರಿ ಅದೇ. ಪೆಟ್ಟು ಬಿದ್ದ ಹಲ್ಲಾದ್ದರಿಂದ ಒಂದು ಎಕ್ಸ್‌ರೇ ಕೂಡ ತೆಗೆಸಿ. ಒಳಗಿನ ನರ ಸತ್ತಿದ್ದರೆ ಅದರ ಚಿಕಿತ್ಸೆಯೇ ಬೇರೆ.

ಸಿಮೆಂಟ್ ಬದಲಿಸಲೇಬೇಕು, ಆದರೆ ನಾಳೆಯೇ ಓಡಬೇಡಿ. ಜೆಲ್ ನಿಲ್ಲಿಸಿ ಎರಡು ವಾರ ಬಿಡಿ. ಬ್ಲೀಚ್ ಆದ ಹಲ್ಲಿನೊಳಗೆ ಆಮ್ಲಜನಕ ಉಳಿದಿರುತ್ತದೆ, ಅದು ರಾಳ ಸರಿಯಾಗಿ ಗಟ್ಟಿಯಾಗಿ ಹಿಡಿಯಲು ಬಿಡುವುದಿಲ್ಲ. ಒಬ್ಬರು ಬ್ಲೀಚ್ ಮುಗಿದ ಮೂರನೇ ದಿನವೇ ಬೇರೆಲ್ಲೋ ಸಿಮೆಂಟ್ ಹಾಕಿಸಿಕೊಂಡು, ಬಿದ್ದ ಚೂರನ್ನು ಕರವಸ್ತ್ರದ ತುದಿಯಲ್ಲಿ ಗಂಟು ಕಟ್ಟಿಕೊಂಡು ನನ್ನ ಬಳಿ ಬಂದಿದ್ದರು. ಮಾರನೇ ದಿನ ಅವರ ಮದುವೆ. ಆ ಮುಖ ನನಗೆ ಮರೆತಿಲ್ಲ. ಇನ್ನೊಂದು ಕಾರಣ, ಮೊದಲ ದಿನಗಳ ಬಿಳುಪು ಸ್ವಲ್ಪ ಹಿಂದಕ್ಕೆ ಸರಿದು ಆಮೇಲೆ ನಿಲ್ಲುತ್ತದೆ. ನಿಂತ ಬಣ್ಣಕ್ಕೆ ಹೊಂದಿಸಬೇಕು. ಮೂರನೇ ವಾರ ಮಾಡಿಸಿದರೂ ನಿಮಗೆ ಎರಡು ವಾರ ಕೈಯಲ್ಲಿರುತ್ತದೆ.

ಬೆಳಗಿನ ಹೊತ್ತು ಹೋಗಿ, ಲಿಪ್‌ಸ್ಟಿಕ್ ಬೇಡ. ಕೂತ ತಕ್ಷಣ, ಹಲ್ಲು ಒದ್ದೆಯಿರುವಾಗಲೇ ಬಣ್ಣ ನೋಡಲು ಹೇಳಿ. ಬಾಯಿ ತೆರೆದು ಸ್ವಲ್ಪ ಹೊತ್ತಾದರೆ ಹಲ್ಲು ಒಣಗಿ ಇರುವುದಕ್ಕಿಂತ ಬೆಳ್ಳಗೆ ಕಾಣುತ್ತದೆ. ನಾನಾದರೆ ಅಂಟು ಹಚ್ಚದೆ ಕಾಂಪೋಸಿಟ್‌ನ ಒಂದು ಪುಟ್ಟ ಉಂಡೆಯನ್ನು ಹಲ್ಲಿನ ಮೇಲೊತ್ತಿ, ನೀಲಿ ಬೆಳಕು ಹಾಯಿಸಿ ಗಟ್ಟಿ ಮಾಡಿ, ಕಿಟಕಿಯ ಬಳಿ ಕನ್ನಡಿ ಕೊಟ್ಟು ತೋರಿಸುತ್ತೇನೆ. ಬಣ್ಣ ಒಪ್ಪಿದರೆ ಅದನ್ನು ಕಿತ್ತು ನಿಜವಾದ ಕೆಲಸ ಶುರು. ಇದನ್ನು ಕೇಳಿ ಮಾಡಿಸಿಕೊಳ್ಳಿ, ಸಂಕೋಚ ಬೇಡ. ಖರ್ಚಿನ ಚಿಂತೆಯಿದ್ದರೆ ವಿಕ್ಟೋರಿಯಾ ಆಸ್ಪತ್ರೆಯ ಬಳಿಯ ಸರ್ಕಾರಿ ದಂತ ಕಾಲೇಜಿನಲ್ಲೂ ವಿಚಾರಿಸಬಹುದು. ಅಲ್ಲಿಯವರೆಗೆ ನಿಂಬೆಹಣ್ಣು, ಅಡುಗೆ ಸೋಡಾ, ಇದ್ದಿಲ ಪುಡಿ ಹಾಕಿ ಆ ಮೂಲೆಯನ್ನು ಉಜ್ಜಬೇಡಿ. ಸಿಮೆಂಟ್ ತರಿಯಾದಷ್ಟೂ ಕಲೆ ಬೇಗ ಹತ್ತುತ್ತದೆ.

ಹೊಸ ಸಿಮೆಂಟಿನ ಬಣ್ಣದ ಶೇಡ್ ಯಾವುದು, ಎ1, ಬಿ1 ಹೀಗೆ, ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಮುಂದೆ ಮತ್ತೆ ಜೆಲ್ ಹಾಕುವ ಮನಸ್ಸಾದರೆ ಮೊದಲು ಆ ಚೀಟಿ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ.