ಒಂದೇ ನಿಮಿಷದ ಕಾಳಗ

ಪ್ರಶ್ನೆ: ದಸರಾದಲ್ಲಿ ವಜ್ರಮುಷ್ಟಿ ಕಾಳಗ ನೋಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಇದೂ ಕುಸ್ತಿಯೇ?
– ಓದುಗ, ತಿಪಟೂರು

ಉತ್ತರ: ಕುಸ್ತಿಯೇ ತಮ್ಮಾ, ಲೆಕ್ಕ ಮಾತ್ರ ಬೇರೆ. ಮಾಮೂಲಿ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಬೇಕು. ಇಲ್ಲಿ ಬೋಳಿಸಿದ ತಲೆಯಿಂದ ಮೊದಲ ಹನಿ ರಕ್ತ ಬಂದರೆ ಮುಗಿಯಿತು, ತಕ್ಷಣ ಬಿಡಿಸುತ್ತಾರೆ. ಜಟ್ಟಿಗಳ ಮುಷ್ಟಿಯಲ್ಲಿ ಮೊನೆಯುಳ್ಳ ಆಯುಧ ಇರುತ್ತದೆ, ಅದಕ್ಕೇ ಆ ಹೆಸರು. ವಿಜಯದಶಮಿಯಂದು ಮೈಸೂರು ಅರಮನೆಯ ಅಂಗಳದಲ್ಲಿ, ಜಂಬೂಸವಾರಿಗೆ ಮೊದಲು ನಡೆಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು ಜೋಡಿಯಾಗಿ ಬರುತ್ತಾರೆ. ನಾನು ಹುಡುಗನಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ. ಆ ಕೆಂಪು ಹನಿ ಇನ್ನೂ ಕಣ್ಣಲ್ಲಿದೆ. ನೀವು ನೋಡಿದ್ದು ಒಂದು ನಿಮಿಷ, ಅಲ್ವಾ? ಅದರ ಹಿಂದೆ ಗರಡಿಯ ಕೆಮ್ಮಣ್ಣಿನಲ್ಲಿ ಎಷ್ಟೋ ದಿನಗಳ ಸಾಮು ಇರುತ್ತದೆ. ಮುಂದಿನ ಸಲ ಮೊದಲು ಗರಡಿಗೆ ಹೋಗಿ ನೋಡಿ.