ಚಿಪ್ಪಿಕಲ್ಲು ಚಲೋ ಕುದಿಸಿದ್ರೂ ತುಟಿ ಜುಮುಗುಟ್ಟೋದು ಯಾಕ?

ಕಾರವಾರದಿಂದ ತಂದ ಚಿಪ್ಪಿಕಲ್ಲನ್ನ ಹುಬ್ಬಳ್ಳಿ ಮನ್ಯಾಗ ಚಲೋತ್ನಂಗ ಕುದಿಸಿದ್ರೂ ತುಟಿ ಜುಮುಗುಟ್ಟಿ ಹೊಟ್ಟಿ ಕೆಟ್ಟಿತು, ಎರಡಕ್ಕೂ ಒಂದೇ ವಿಷಾನ ಅಂತ ಕೇಳೀರಿ. ಒಂದೇ ಇರಬೇಕಂತಿಲ್ರೀ. ಕುದಿಸಿದ್ರ ಸಾಯೋದು ಬ್ಯಾಕ್ಟೀರಿಯಾ. ಚಿಪ್ಪಿ ಸೋಸಿ ತಿನ್ನೋ ಸೂಕ್ಷ್ಮ ಪಾಚಿಗಳ ವಿಷ ಒಲಿ ಬಿಸಿಗೆ ಬಗ್ಗೂದಿಲ್ಲ.

ತುಟಿ ಜುಮುಗುಟ್ಟಿದ್ರ ಮೊದಲ ಅನುಮಾನ ಸ್ಯಾಕ್ಸಿಟಾಕ್ಸಿನ್ ಅನ್ನೋ ಪಾಚಿ ವಿಷದ ಮ್ಯಾಲೆ. ನರದ ಸಂದೇಶ ಹರಿಯೋದು ಸೋಡಿಯಂ ಒಳಗ ನುಗ್ಗೋ ಸಣ್ಣ ದಾರಿಗಳಿಂದ. ಈ ವಿಷ ಬಾಟ್ಲಿಗೆ ಬೂಚು ಹಾಕಿದಂಗ ಅಲ್ಲಿ ಕೂತುಬಿಡ್ತದ. ಹವಳದ ದಿಬ್ಬದ ಕೆಲವು ದೊಡ್ಡ ಮೀನಿನಾಗಿರೋ ಸಿಗುವಾಟಾಕ್ಸಿನ್ ಇದಕ್ಕ ಪೂರಾ ಉಲ್ಟಾ: ದಾರಿ ಮುಚ್ಚಗೊಡೂದಿಲ್ಲ, ನರ ಕಾರಣಿಲ್ದನ ಮಿಡೀತಿರ್ತದ. ಕರುಳಿನ ಗ್ವಾಡಿ ನರಗಳೂ ಕೆರಳಿ ಅಸಿಟೈಲ್‌ಕೋಲಿನ್ (ನರ ಸ್ನಾಯುವಿಗೆ ಸಂದೇಶ ಮುಟ್ಟಿಸೋ ರಾಸಾಯನಿಕ) ಸುರೀತಾವ, ಸ್ನಾಯು ಹಿಂಡಿಕೊಳ್ತದ. ಮಜಾ ಅಂದ್ರ, ಕರುಳಿನ ಸ್ನಾಯು ತಾನು ನಡಿಯೋದು ಮುಖ್ಯವಾಗಿ ಕ್ಯಾಲ್ಸಿಯಂ ಮ್ಯಾಲೆ. ಪ್ರಯೋಗಾಲಯದಾಗ ಕರುಳಿನ ತುಣುಕಿಗೆ, ಸ್ಯಾಕ್ಸಿಟಾಕ್ಸಿನ್‌ನಂಗ ಸೋಡಿಯಂ ದಾರಿ ಮುಚ್ಚೋ ಪಫರ್ ಮೀನಿನ ವಿಷ ಟೆಟ್ರೊಡೊಟಾಕ್ಸಿನ್ ಹಾಕಿದ್ರ ನರ ಸುಮ್ಮನಾಗ್ತಾವ, ಆದ್ರ ಹೊರಗಿಂದ ಅಸಿಟೈಲ್‌ಕೋಲಿನ್ ಬಿಟ್ರ ಸ್ನಾಯು ಮತ್ತ ಕುಗ್ತದ.

ಚಿಪ್ಪಿಯೊಳಗಿನ ಇನ್ನೊಂದು ಪಾಚಿ ವಿಷ, ಭೇದಿ ಮಾಡಿಸೋ ಒಕಡಾಯಿಕ್ ಆಮ್ಲಕ್ಕ ನರದ ಗೊಡವಿನ ಬ್ಯಾಡ. ಅದು ಜೀವಕೋಶದ ಫಾಸ್ಫಟೇಸ್ ಕಿಣ್ವ ತಡೀತದ, ಕರುಳಿನ ಒಳಪದರಿಂದ ನೀರು ಸೋರ್ತದ. ಸಾಮಾನ್ಯವಾಗಿ 3 ದಿನದಾಗ ಇಳೀತದ.

ಜುಮು ಮುಖದಿಂದ ಕೈಕಾಲಿಗೆ ಹಬ್ಬಿದ್ರ, ಮಾತು ತೊದಲಿದ್ರ, ಉಸಿರು ಭಾರ ಆದ್ರ ಮಜ್ಜಿಗಿ ಕುಡದು ನೋಡೂಣು ಅಂತ ಕೂಡಬ್ಯಾಡ್ರಿ, ಸೀದಾ ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ) ಆಸ್ಪತ್ರಿ ತುರ್ತು ವಿಭಾಗಕ್ಕ ಹೋಗ್ರಿ. ಸ್ಯಾಕ್ಸಿಟಾಕ್ಸಿನ್‌ಗೆ ಪ್ರತಿವಿಷ ಇಲ್ಲ. ಅದು ಮೂತ್ರದಾಗ ಹೋಗೂತನಕ ಬೇಕಾದ್ರ ವೆಂಟಿಲೇಟರ್ ಹಚ್ಚಿ ಉಸಿರು ಕಾಯ್ತಾರ.