ಯುದ್ಧ ಆಗ್ಬಹುದು ಅಂತಿರುವಾಗ ಅಮ್ಮನನ್ನು ಬಾಣಂತನಕ್ಕೆ ದೋಹಾಕ್ಕೆ ಕಳಿಸ್ಬಹುದಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ತಂಗಿಗೆ ದೋಹಾದಲ್ಲಿ ಚೊಚ್ಚಲ ಹೆರಿಗೆ, ಈಗ 31 ವಾರ, ಬ್ರಹ್ಮಾವರದಿಂದ ಅಮ್ಮ ಹೋಗ್ಬೇಕು, ವೀಸಾ ಬಂದಾಯ್ತು, ಮುಂಬೈ ಮೂಲಕ ಟಿಕೆಟೂ ಆಯ್ತು, ಅಷ್ಟರಲ್ಲಿ ಟೀವಿಯವರು ಇವತ್ತೋ ನಾಳೆಯೋ ಇರಾನ್ ಮೇಲೆ ಯುದ್ಧ ಅಂತ ಶುರು ಮಾಡಿದ್ದಾರೆ, ಅಪ್ಪ ಬೇಡ ಅಂತಾರೆ, ಅಮ್ಮ ಹೋಗಿಯೇ ಹೋಗ್ತೇನೆ ಅಂತಾರೆ. ಯುದ್ಧ ಆಗ್ತದಾ ಇಲ್ವಾ, ಗಲ್ಫಿನಲ್ಲಿ ಇದ್ದವರು ಯಾರಾದ್ರೂ ಹೇಳಿ ಅಂತ ಕೇಳಿದ್ದೀರಿ. ನಾನು ಸುರತ್ಕಲ್‌ನವನು, ದೋಹಾದಲ್ಲಿ ಒಂದು ಕಾಂಟ್ರಾಕ್ಟಿಂಗ್ ಕಂಪೆನಿಯ ಅಕೌಂಟ್ಸ್‌ನಲ್ಲಿ ತುಂಬಾ ವರ್ಷ ಕೆಲಸ ಮಾಡಿದ್ದೇನೆ, 2025ರ ಜೂನ್‌ನಲ್ಲಿ ಅಲ್ಲಿಯೇ ಇದ್ದೆ, ಈಗ ಊರಿಗೆ ಬಂದಾಗಿದೆ.

ಯುದ್ಧ ಆಗ್ತದಾ ಅಂತ ಯಾರೂ ನಿಮಗೆ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೆ, ಹೇಳಿದವರ ಮಾತನ್ನು ನಂಬಿ ಟಿಕೆಟ್ ಕ್ಯಾನ್ಸಲ್ ಮಾಡ್ಬೇಡಿ, ನಂಬಿ ವಿಮಾನ ಹತ್ತಿಸ್ಲೂ ಬೇಡಿ. ನೀವು ಕೇಳ್ಬೇಕಾದ್ದು ಬೇರೆ: ಅಮ್ಮ ಹೋದ ಮೇಲೆ ಎರಡು ತಿಂಗಳು ವಾಪಸ್ ಬರ್ಲಿಕ್ಕೆ ದಾರಿಯೇ ಇಲ್ಲ ಅಂತಾದ್ರೆ ಅವರಿಗೆ ಅಲ್ಲಿ ನಡೀತದಾ? ಅವರ ಆರೋಗ್ಯ, ಮದ್ದು, ವೀಸಾ, ತಂಗಿಯ ಮನೆಯ ಖರ್ಚು, ಇಲ್ಲಿ ಅಪ್ಪ ಒಬ್ಬರೇ ಇರುದು, ಇದೆಲ್ಲ ನಡೀತದೆ ಅಂತಾದ್ರೆ ಕಳಿಸ್ಬಹುದು. ನಡಿಯುದಿಲ್ಲ ಅಂತಾದ್ರೆ ಯುದ್ಧದ ಸಾಧ್ಯತೆ ಎಷ್ಟೇ ಕಮ್ಮಿ ಇದ್ರೂ ಬೇಡ.

ಯಾಕೆ ಹೀಗೆ ಹೇಳ್ತೇನೆ ಅಂದ್ರೆ, ಮುನ್ಸೂಚನೆ ಎರಡೂ ಕಡೆಗೆ ತಪ್ಪಿದ್ದನ್ನು ನಾವೇ ನೋಡಿದ್ದೇವೆ. 2022ರ ಫೆಬ್ರವರಿ 15ಕ್ಕೆ ಉಕ್ರೇನಿನ ಕೀವ್‌ನಲ್ಲಿರುವ ನಮ್ಮ ರಾಯಭಾರ ಕಚೇರಿ, ಅಲ್ಲಿ ಇರ್ಲೇಬೇಕು ಅಂತಿಲ್ಲದವರು, ಮುಖ್ಯವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಹೊರಡುದನ್ನು ಯೋಚಿಸಿ ಅಂತ ಹೇಳಿತ್ತು. ಕಾಲೇಜು ಆನ್‌ಲೈನ್ ಕ್ಲಾಸ್ ಮಾಡ್ತೇವೆ ಅಂತ ಹೇಳಿರ್ಲಿಲ್ಲ, ಅಟೆಂಡೆನ್ಸ್ ಹೋಗ್ತದೆ ಅಂತ ಹೆದರಿಕೆ, ಟಿಕೆಟ್ ರೇಟೂ ಜಾಸ್ತಿ, ಹಾಗಾಗಿ ಸಾವಿರಾರು ಮಕ್ಕಳು ಅಲ್ಲೇ ಉಳಿದ್ರು. 24ಕ್ಕೆ ರಷ್ಯಾ ಯುದ್ಧ ಶುರು ಮಾಡಿ ಆಕಾಶ ಬಂದ್ ಆಯ್ತು, ನಮ್ಮವರನ್ನು ಕರ್ಕೊಂಡು ಬರ್ಲಿಕ್ಕೆ ಕೀವ್‌ಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಿಂದ ವಾಪಸ್ ಬಂತು. ಆಮೇಲೆ ಆ ಮಕ್ಕಳು ಚಳಿಯಲ್ಲಿ ನಡ್ಕೊಂಡು, ಟ್ರೈನ್ ಹಿಡ್ಕೊಂಡು ಪೋಲೆಂಡ್, ರೊಮೇನಿಯಾ, ಹಂಗೇರಿ ಗಡಿಗೆ ಬರ್ಬೇಕಾಯ್ತು, ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಮಾರ್ಚ್ 1ಕ್ಕೆ ಖಾರ್ಕಿವ್‌ನಲ್ಲಿ ತೀರಿಕೊಂಡ. ಇನ್ನೊಂದು ಕಡೆ 2025ರ ಜೂನ್ ನೋಡಿ, 13ಕ್ಕೆ ಇಸ್ರೇಲ್ ಇರಾನ್ ಮೇಲೆ ದಾಳಿ ಮಾಡಿದಾಗ ಇಡೀ ಗಲ್ಫೇ ಮುಗೀತು ಅಂತ ಹೇಳಿದವರು ಎಷ್ಟೋ ಜನ, 24ಕ್ಕೆ ಕದನವಿರಾಮ ಆಯ್ತು.

ಆ ಕದನವಿರಾಮದ ಹಿಂದಿನ ರಾತ್ರಿ ನಾವು ದೋಹಾದಲ್ಲಿ ನೋಡಿದ್ದನ್ನು ಹೇಳ್ತೇನೆ, ನಿಮ್ಮ ಅಪ್ಪನ ಹೆದರಿಕೆ ಎಂತದ್ದು ಅಂತ ನನಗೆ ಅರ್ಥ ಆಗುದು ಅದರಿಂದ. ಜೂನ್ 23, ಸೋಮವಾರ, ಕೆಲಸ ಮುಗಿಸಿ ನಜ್ಮಾದ ರೂಮಿಗೆ ಬಂದು ಚಾ ಇಡ್ತಿದ್ದೆ. ಅಷ್ಟರಲ್ಲಿ ಕತಾರ್ ತನ್ನ ಆಕಾಶ ಬಂದ್ ಮಾಡಿದೆ ಅಂತ ಮೊಬೈಲ್‌ನಲ್ಲಿ ಬಂತು. ಸ್ವಲ್ಪ ಹೊತ್ತಿಗೆ ಧಡ್ ಧಡ್ ಅಂತ ಶಬ್ದ, ಕಿಟಕಿ ಗ್ಲಾಸ್ ಅಲುಗಾಡಿತು. ಟೆರೇಸಿಗೆ ಹೋದ್ರೆ ಅಕ್ಕಪಕ್ಕದ ಬಿಲ್ಡಿಂಗಿನವರೆಲ್ಲ ಮೇಲೆ ನೋಡ್ತಾ ನಿಂತಿದ್ದಾರೆ, ಕೆಂಪು ಬೆಳಕಿನ ಚುಕ್ಕಿಗಳು ಮೇಲೆ ಹೋಗಿ ಒಡೀತಾ ಇವೆ. ಅಮೆರಿಕದವರ ಅಲ್ ಉದೈದ್ ನೆಲೆ ಊರ ಹೊರಗೆ ಉಂಟು, ಅದಕ್ಕೆ ಇರಾನ್ ಬಿಟ್ಟ ಕ್ಷಿಪಣಿಗಳನ್ನು ಆಕಾಶದಲ್ಲೇ ಹೊಡೆಯುವ ಕ್ಷಿಪಣಿಗಳು ಅವು. ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಆ ಹೊತ್ತಿಗೆ ಅದು ನಮಗೆ ಗೊತ್ತಿರ್ಲಿಲ್ಲ, ಸುರತ್ಕಲ್‌ನಿಂದ ಹೆಂಡತಿಯ ಫೋನಿನ ಮೇಲೆ ಫೋನ್, ನೆಟ್‌ವರ್ಕ್ ಸಿಗ್ತದೆ ಕಟ್ಟಾಗ್ತದೆ. ಊರಲ್ಲಿ ಕೂತು ಟೀವಿ ನೋಡುವವರ ಸಂಕಟ ನಮ್ಮದಕ್ಕಿಂತ ಜಾಸ್ತಿ ಇತ್ತು. ಆ ರಾತ್ರಿ ಬಹ್ರೈನ್, ಕುವೈತ್, ಯುಎಇ ಕೂಡ ಸ್ವಲ್ಪ ಹೊತ್ತು ಆಕಾಶ ಮುಚ್ಚಿದ್ವು.

ಮಧ್ಯರಾತ್ರಿ ಕಳೆದು ಕತಾರ್ ತೆರೆಯಿತು. ಆದ್ರೆ ತೆರೆದ ಕೂಡ್ಲೆ ವಿಮಾನ ಸರಿಯಾಗುದಿಲ್ಲ, ಒಂದೊಂದು ವಿಮಾನ ಒಂದೊಂದು ದೇಶದಲ್ಲಿ ಇಳಿದು ಕೂತಿರ್ತದೆ, ಸಿಬ್ಬಂದಿಯ ಡ್ಯೂಟಿ ಟೈಮ್ ಮುಗಿದಿರ್ತದೆ. ನಮ್ಮ ಆಫೀಸಿನ ಒಬ್ಬರ ಅತ್ತೆ, ಕುಂದಾಪುರ ಕಡೆಯವರು, ಮಗಳ ಬಾಣಂತನ ಮುಗಿಸಿ ಆ ರಾತ್ರಿಯೇ ಹೊರಡ್ಬೇಕಿತ್ತು. ಬ್ಯಾಗ್ ಚೆಕ್-ಇನ್‌ಗೆ ಹಾಕಿ ಆಗಿತ್ತು, ವಿಮಾನ ಕ್ಯಾನ್ಸಲ್. ಬೆಳಿಗ್ಗೆ ಬರಿಗೈಯಲ್ಲಿ ಮಗಳ ಮನೆಗೆ ವಾಪಸ್ ಬಂದ್ರು, ಶುಗರ್ ಮಾತ್ರೆ ಬಿಪಿ ಮಾತ್ರೆ ಎಲ್ಲ ಆ ಬ್ಯಾಗಿನಲ್ಲಿ. ನಾನೇ ಅವರನ್ನು ಕಾರಲ್ಲಿ ಫಾರ್ಮಸಿಗೆ ಕರ್ಕೊಂಡು ಹೋದೆ, ಅವರ ಪರ್ಸಿನಲ್ಲಿ ಇದ್ದದ್ದು ಮಾತ್ರೆ ಸ್ಟ್ರಿಪ್ಪಿನ ಒಂದು ತುಂಡು, ಹೆಸರು ಇರುವ ಭಾಗ ಹರಿದು ಹೋಗಿದೆ, "ಬಿಳಿ ಮಾತ್ರೆ, ಉದ್ದ, ಊಟದ ಮೊದಲು" ಅಂತ ಅವರು ಹೇಳ್ತಾರೆ, ಫಾರ್ಮಸಿಯವ ಮಲಯಾಳಿ, ಪಾಪ ಒಳ್ಳೆಯವ, ಆದ್ರೆ ಹೆಸರಿಲ್ಲದೆ ಹೇಗೆ ಕೊಡುದು? ಕೊನೆಗೆ ಊರಲ್ಲಿ ಅವರ ಮಗ ಡಾಕ್ಟರ ಚೀಟಿ ಹುಡುಕಿ ಫೋಟೋ ಕಳಿಸಿದ ಮೇಲೆ ಸಿಕ್ಕಿತು. ಕ್ಷಿಪಣಿಯಿಂದ ಆ ಅಮ್ಮನಿಗೆ ಏನೂ ಆಗಿರ್ಲಿಲ್ಲ, ಮಾತ್ರೆ ಇಲ್ಲದೆ ತಲೆ ತಿರುಗ್ಲಿಕ್ಕೆ ಶುರುವಾಗಿತ್ತು.

ಹಾಗಾಗಿ ನಿಮ್ಮ ಅಮ್ಮ ಹೋಗುದಾದ್ರೆ ಮೊದಲ ಕೆಲಸ ಕತಾರಿಗೆ ಒಯ್ಯಲಿಕ್ಕೆ ಬಿಡುವಷ್ಟು ಮದ್ದು, ಅದೂ ಕೈಚೀಲದಲ್ಲಿ, ಇಂಗ್ಲಿಷಿನಲ್ಲಿ ಬರೆದ ಡಾಕ್ಟರ ಚೀಟಿ ಒಟ್ಟಿಗೆ, ಅದರ ಫೋಟೋ ನಿಮ್ಮ ಹತ್ರ, ತಂಗಿ ಹತ್ರ, ಭಾವನ ಹತ್ರ. ಕೊಡೀನ್, ಟ್ರಮಡಾಲ್ ಇರುವ ನೋವಿನ ಮಾತ್ರೆ, ನಿದ್ರೆ ಮಾತ್ರೆ ಇವಕ್ಕೆಲ್ಲ ಗಲ್ಫಿನಲ್ಲಿ ಬಹಳ ಬಿಗಿ, ಅಂಥದ್ದು ಇದ್ರೆ ಡಾಕ್ಟರ ಹತ್ರ ಬದಲಿ ಕೇಳಿ. ಮತ್ತೆ ಬಾಣಂತನಕ್ಕೆ ಅಂತ ಅಮ್ಮಂದಿರು ಕಟ್ಟುವ ಗಂಟಿನಲ್ಲಿ ಲೇಹ್ಯ, ಓಮ, ಮೆಂತೆ, ಬೆಲ್ಲದ ಒಟ್ಟಿಗೆ ಗಸಗಸೆಯೂ ಸೇರಿಕೊಳ್ತದೆ. ಗಸಗಸೆ ಅಲ್ಲಿ ನಿಷೇಧಿತ, ಅಫೀಮಿನ ಗಿಡದ ಬೀಜ ಅಂತ ಡ್ರಗ್ಸ್ ಕೇಸಾಗ್ತದೆ. ಇದು ಯುದ್ಧಕ್ಕೆ ಸಂಬಂಧ ಇಲ್ಲದ ಮಾತು ಅಂತ ಅನ್ನಿಸ್ಬಹುದು, ಆದ್ರೂ ಹೇಳ್ತೇನೆ, ಗಂಟು ಬಿಚ್ಚಿ ನೀವೇ ಒಮ್ಮೆ ನೋಡಿ, ಲೇಹ್ಯಕ್ಕೆ ಹಾಕಿದ್ದಾರಾ ಅಂತಲೂ ಕೇಳಿ.

ಟಿಕೆಟಿನದ್ದು ಇನ್ನೊಂದು ವಿಷಯ. ಮಂಗಳೂರು–ಮುಂಬೈ ಒಂದು, ಮುಂಬೈ–ದೋಹಾ ಇನ್ನೊಂದು ಅಂತ ಬೇರೆ ಬೇರೆ ಬುಕ್ ಮಾಡಿದ್ರೆ ಎರಡನೆಯದ್ದು ಕ್ಯಾನ್ಸಲ್ ಆದಾಗ ಮೊದಲನೆಯವರು ನಮಗೆ ಗೊತ್ತಿಲ್ಲ ಅಂತಾರೆ, ಅಮ್ಮ ಮುಂಬೈನಲ್ಲಿ ಬಾಕಿ. ಎರಡೂ ಒಂದೇ ಪಿಎನ್‌ಆರ್‌ನಲ್ಲಿ, ಅಂದ್ರೆ ಒಂದೇ ಬುಕಿಂಗ್ ನಂಬರಿನಲ್ಲಿ, ಇರುವ ಹಾಗೆ ಮಾಡಿ. ರೇಟ್ ಕಮ್ಮಿ ಅಂತ ನಡುವೆ ಇನ್ನೊಂದು ಗಲ್ಫ್ ದೇಶದಲ್ಲಿ ಇಳಿದು ಹತ್ತುವ ಟಿಕೆಟಂತೂ ಈ ಹೊತ್ತಲ್ಲಿ ಬೇಡವೇ ಬೇಡ. 1990ರ ಆಗಸ್ಟ್ 2ಕ್ಕೆ ಲಂಡನ್‌ನಿಂದ ಮದ್ರಾಸ್ ಮೂಲಕ ಕೌಲಾಲಂಪುರಕ್ಕೆ ಹೋಗುವ ಬ್ರಿಟಿಷ್ ಏರ್‌ವೇಸ್ ವಿಮಾನ ಇಂಧನಕ್ಕೆ ಅಂತ ಕುವೈತ್‌ನಲ್ಲಿ ಇಳಿದದ್ದು, ಅಷ್ಟು ಹೊತ್ತಿಗೆ ಇರಾಕ್ ಸೈನ್ಯ ಒಳಗೆ ಬಂದಾಗಿತ್ತು, ಕುವೈತ್‌ನಲ್ಲಿ ಎಂತ ಕೆಲಸವೂ ಇಲ್ಲದಿದ್ದ ಪ್ರಯಾಣಿಕರು ಒತ್ತೆಯಾಳಾದ್ರು, ಕೆಲವರು ತಿಂಗಳುಗಟ್ಟಲೆ. ಟ್ರಾನ್ಸಿಟ್ ಅಂದ್ರೂ ಆ ದೇಶದ ನೆಲವೇ ಅಲ್ವಾ.

ನಮ್ಮ ಕಡೆಯವರಿಗೆ ಆ ಕುವೈತ್ ಮರೀಲಿಕ್ಕೆ ಸಾಧ್ಯ ಇಲ್ಲ. ನನ್ನ ಸೋದರಮಾವ ಅಲ್ಲಿ ಇದ್ರು, ಬಸ್ಸಿನಲ್ಲಿ ಇರಾಕ್ ದಾಟಿ ಜೋರ್ಡಾನಿಗೆ ಬಂದು, ಮರುಭೂಮಿಯ ಡೇರೆಯಲ್ಲಿ ಕಾದು, ಅಮ್ಮಾನ್‌ನಿಂದ ಏರ್ ಇಂಡಿಯಾದಲ್ಲಿ ಬಂದವರು. ಆ ವರ್ಷ ಹಾಗೆ ಬಂದವರು 1 ಲಕ್ಷ 10 ಸಾವಿರಕ್ಕೂ ಹೆಚ್ಚು ಜನ. ಮಾವ ಈಗಲೂ ಯಾರಾದ್ರೂ ಗಲ್ಫಿಗೆ ಹೊರಟ್ರೆ ಕೇಳುದು ಒಂದೇ, ಪಾಸ್‌ಪೋರ್ಟ್ ನಿನ್ನ ಕೈಯಲ್ಲಿ ಇರ್ತದಾ ಅಂತ. ಅವರ ಕ್ಯಾಂಪಿನಲ್ಲಿ ಕೆಲವರದ್ದು ಕಫೀಲನ, ಅಂದ್ರೆ ವೀಸಾ ಕೊಟ್ಟ ಧಣಿಯ, ಹತ್ರ ಇತ್ತು, ಕಫೀಲ ಓಡಿ ಹೋಗಿದ್ದ, ಅವರು ಗಡಿಯಲ್ಲಿ ಪಟ್ಟ ಪಾಡು ಹೇಳುವಾಗ ಮಾವನ ಸ್ವರ ಬದಲಾಗ್ತದೆ. ನಿಮ್ಮ ತಂಗಿ, ಭಾವ ಇಬ್ಬರದ್ದೂ ಮನೆಯಲ್ಲಿ ಉಂಟಾ ಅಂತ ಕೇಳಿ, ಅಮ್ಮನದ್ದು ಅಮ್ಮನ ಹತ್ರವೇ ಇರ್ಲಿ. ದೋಹಾದ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರ್ ಒಂದು ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಪಾಸ್‌ಪೋರ್ಟ್ ಒಟ್ಟಿಗೆ ಇಡಿ, ಮೊಬೈಲ್ ಚಾರ್ಜ್ ಮುಗಿದ ಹೊತ್ತಿಗೆ ಅದೇ ಆಗುದು.

ಟ್ರಾವೆಲ್ ಇನ್ಶೂರೆನ್ಸ್ ಉಂಟಲ್ವಾ ಅಂತ ನೀವು ಬರೆದಿದ್ದೀರಿ. ಆ ಪಾಲಿಸಿಯಲ್ಲಿ ಯುದ್ಧ ಅಂತ ಬರುವ ಜಾಗ ಹುಡುಕಿ ಓದಿ, ಹೆಚ್ಚಿನ ಪಾಲಿಸಿಗಳಲ್ಲಿ ಯುದ್ಧದಿಂದ ಆದ ನಷ್ಟ ಕೊಡುದಿಲ್ಲ ಅಂತಲೇ ಇರ್ತದೆ. ಕ್ಯಾನ್ಸಲ್ ಮಾಡುದಾದ್ರೂ ಹಾಗೆ, ಹೆದರಿ ನೀವಾಗಿ ಕ್ಯಾನ್ಸಲ್ ಮಾಡಿದ್ರೆ ಚಾರ್ಜ್ ಕಟ್, ಏರ್‌ಲೈನಿನವರೇ ಮಾಡಿದ್ರೆ ಪೂರ್ತಿ ಹಣ ವಾಪಸ್.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು, ನಿಮ್ಮ ಮನೆಯಲ್ಲಿ ಯಾರೂ ಮಾತಾಡಿದ ಹಾಗೆ ಕಾಣುದಿಲ್ಲ. ಅಮ್ಮ ಹೋಗುದಾ ಬೇಡ್ವಾ ಅಂತ ಮಾತ್ರ ಚರ್ಚೆ ಆಗಿದೆ, ತಂಗಿ ಬರುದಾ ಅಂತ ಯಾಕೆ ಕೇಳ್ಲಿಲ್ಲ? 31 ವಾರ ಅಂದ್ರೆ ಬಾಗಿಲು ಇನ್ನೂ ತೆರೆದಿದೆ, ಆದ್ರೆ ತುಂಬಾ ದಿನ ಇರುದಿಲ್ಲ. ಸಾಮಾನ್ಯವಾಗಿ 28 ವಾರ ಕಳೆದ ಮೇಲೆ ಏರ್‌ಲೈನಿನವರು ಡಾಕ್ಟರ ಸರ್ಟಿಫಿಕೇಟ್ ಕೇಳ್ತಾರೆ, 36 ಆದ ಮೇಲೆ ಹತ್ತಿಸುದೇ ಇಲ್ಲ, ಅವಳಿ ಆದ್ರೆ ಇನ್ನೂ ಮೊದಲೇ ನಿಲ್ಲಿಸ್ತಾರೆ, ಪ್ರತಿ ಏರ್‌ಲೈನಿನ ನಿಯಮ ಸ್ವಲ್ಪ ಬೇರೆ. ಮನೆಯಿಂದ ಮಣಿಪಾಲದ ಆಸ್ಪತ್ರೆಗೆ ಎಷ್ಟು ದೂರ ಅಂತ ನಾನು ನಿಮಗೆ ಹೇಳ್ಬೇಕಾಗಿಲ್ಲ. ಅವಳು ಬಂದ್ರೆ ಅಮ್ಮನೂ ಅಪ್ಪನೂ ಒಂದೇ ಮನೆಯಲ್ಲಿ, ಮದ್ದಿನ ಚಿಂತೆ ಇಲ್ಲ, ವೀಸಾ ಚಿಂತೆ ಇಲ್ಲ. ಕಷ್ಟ ಇಲ್ಲ ಅಂತ ಅಲ್ಲ, ಚೊಚ್ಚಲ ಮಗುವಿನ ಮುಖ ಭಾವ ಫೋನಿನಲ್ಲಿ ನೋಡ್ಬೇಕಾದೀತು, ಆಮೇಲೆ ಮಗುವಿನ ಪಾಸ್‌ಪೋರ್ಟ್, ಅಲ್ಲಿಯ ವೀಸಾ ಎಲ್ಲ ಹೊಸದಾಗಿ ಆಗ್ಬೇಕು, ತಂಗಿ ಆರು ತಿಂಗಳಿಗಿಂತ ಜಾಸ್ತಿ ಹೊರಗೆ ಇದ್ರೆ ಅವಳ ರೆಸಿಡೆನ್ಸಿಗೂ ತೊಂದರೆ. ಆದ್ರೂ ಅವಳ ಡಾಕ್ಟರ್ ಪ್ರಯಾಣ ಮಾಡ್ಬಹುದು ಅಂತ ಹೇಳಿದ್ರೆ, ನಾನು ನಿಮ್ಮ ಜಾಗದಲ್ಲಿದ್ರೆ ಇದನ್ನೇ ಮಾಡ್ತಿದ್ದೆ.

ಡಾಕ್ಟರ್ ಬೇಡ ಅಂದ್ರೆ ಅಥವಾ ತಂಗಿಗೇ ಬರ್ಲಿಕ್ಕೆ ಮನಸ್ಸಿಲ್ಲ ಅಂದ್ರೆ, ಅಮ್ಮನನ್ನು ಕಳಿಸಿ, ಮತ್ತೆ ಕಳಿಸುದಾದ್ರೆ ತಡ ಮಾಡ್ಬೇಡಿ, ಹೆರಿಗೆಯ ಹತ್ತಿರಕ್ಕೆ ಹೋದ್ರಾಯ್ತು ಅಂತ ಕಾದ್ರೆ ಆ ಹೊತ್ತಿಗೆ ದಾರಿ ಇರ್ತದೆ ಅಂತ ಹೇಳ್ಲಿಕ್ಕಾಗುದಿಲ್ಲ. ಸುತ್ತಾಡ್ಲಿಕ್ಕೆ ಹೋಗುದಾಗಿದ್ರೆ ನಾನೂ ಮುಂದೆ ಹಾಕಿ ಅಂತಿದ್ದೆ. ಆದ್ರೆ ಬೇರೆ ಊರಲ್ಲಿ, ಗಂಡ ಬೆಳಿಗ್ಗೆ ಹೋದ್ರೆ ಸಂಜೆ ಬರುವ ಮನೆಯಲ್ಲಿ, ಹತ್ತು ದಿನದ ಕೂಸನ್ನು ಇಟ್ಕೊಂಡು ಹೆಣ್ಣುಮಗಳು ಒಬ್ಬಳೇ ಕೂತು, ಹೊರಗೆ ಹಾಗೆ ಶಬ್ದ ಆದ್ರೆ ಅವಳ ಸ್ಥಿತಿ ಎಂತ? ನಮ್ಮ ಅಮ್ಮಂದಿರು ಹೋಗ್ತೇನೆ ಅಂತ ಹಟ ಮಾಡುದು ಅದನ್ನು ನೆನೆಸಿಯೇ, ಅದನ್ನು ತಿಳುವಳಿಕೆ ಇಲ್ಲದ ಮಾತು ಅಂತ ಯಾರೂ ತಳ್ಳಿಹಾಕ್ಬಾರ್ದು.

ಒಂದು ಗೆರೆ ಮಾತ್ರ ಮನೆಯವರೆಲ್ಲ ಈಗಲೇ ಒಪ್ಪಿ ಇಟ್ಕೊಳ್ಳಿ. ನಮ್ಮ ವಿದೇಶಾಂಗ ಇಲಾಖೆ, ರಾಯಭಾರ ಕಚೇರಿಯ ಪ್ರಕಟಣೆಯ ಮಾತು ನೋಡ್ತಾ ಇರಿ, ವಾಟ್ಸಾಪಿನದ್ದಲ್ಲ. ಜಾಗ್ರತೆಯಿಂದ ಇರಿ ಅಂತ ಇರುವವರೆಗೆ ಹೋಗ್ಬಹುದು. ಅನಗತ್ಯ ಪ್ರಯಾಣ ಬೇಡ ಅಂತ ಕತಾರಿನ ಬಗ್ಗೆ ಬಂದ್ರೆ ಅಮ್ಮನ ಟಿಕೆಟ್ ನಿಲ್ಲಿಸಿ, ಆಗ ಅಮ್ಮ ಅತ್ರೂ ನಿಲ್ಲಿಸಿ. ಸಿಕ್ಕಿದ ವಿಮಾನದಲ್ಲಿ ಹೊರಡಿ ಅಂತ ಬಂದ್ರೆ ತಂಗಿಯ ಡಾಕ್ಟರಿಗೆ ಅದೇ ಗಂಟೆಗೆ ಫೋನ್ ಮಾಡ್ಲಿ, ಕೀವ್‌ನಲ್ಲಿ ಆ ಮಕ್ಕಳಿಗೆ ಸಿಕ್ಕಿದ್ದು ಒಂಬತ್ತೇ ದಿನ.

ಇವತ್ತು ರಾತ್ರಿಯೇ ತಂಗಿಗೆ ಫೋನ್ ಮಾಡಿ, ಅಮ್ಮ ಪಕ್ಕದಲ್ಲಿ ಇಲ್ಲದಿರುವಾಗ ಮಾಡಿ, ಅವಳ ಹತ್ರವೇ ಕೇಳಿ ಬರ್ತೀಯಾ ಅಂತ. ನಾಳೆ ಟ್ರಾವೆಲ್ಸಿನವರಿಗೆ ತಾರೀಕು ಬದಲಿಸಿದ್ರೆ ಎಷ್ಟಾಗ್ತದೆ ಅಂತ ವಿಚಾರಿಸಿ. ತಂಗಿ ಎಂತ ಹೇಳಿದ್ಲು ಅಂತ ಇಲ್ಲೇ ಕೆಳಗೆ ಬರೀರಿ, ಅಮ್ಮ ಹೋಗುದು ಅಂತಾದ್ರೆ ಅಲ್ಲಿ ಇನ್ನೂ ಇರುವ ನಮ್ಮೂರಿನವರು ಕೆಲವರಿದ್ದಾರೆ, ವಿಮಾನ ನಿಲ್ದಾಣಕ್ಕೆ ಹೋಗಿ ಕರ್ಕೊಂಡು ಬರ್ಲಿಕ್ಕೆ ಭಾವನಿಗೆ ರಜೆ ಸಿಗದಿದ್ರೆ ಅವರಿಗೆ ನಾನು ಹೇಳ್ತೇನೆ.